ಕೊಕ್ಕೆಯ ಕೆಳಗೆ

ನಾಲಿಗೆಯ ಮೇಲಿಟ್ಟ ಮಾತ್ರೆಗಳನ್ನು ಅವನು ಇವತ್ತೂ ನಿಜವಾಗಿಯೇ ನುಂಗಿದ. ಎದುರಿಗೆ ಹೆಂಡತಿ ಖಾಲಿ ಲೋಟಕ್ಕಾಗಿ ಕೈಚಾಚಿ ನಿಂತಿದ್ದಳು. ದಿನಾ ಹಾಗೆಯೇ ನಿಲ್ಲುತ್ತಾಳೆ, ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗೆ, ಇನ್ನೊಂದು ಗಂಡನ ಗಂಟಲಿನ ಕಡೆಗೆ. ಅವಳು ನೋಡುತ್ತಿರುವಂತೆಯೇ ಮಾತ್ರೆಗಳನ್ನು ದವಡೆಯ ಸಂದಿಗೆ ಸರಿಸಿಕೊಂಡು, ನೀರು ಕುಡಿದು, ಗಂಟಲಮಣಿಯನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ಬಚ್ಚಲಿಗೆ ಹೋಗಿ ಉಗುಳಿ ನೀರು ಸುರಿಯುವುದು ಅವನಿಗೆ ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ, ಈಗ ಕೆಲವು ದಿನಗಳಿಂದ ನುಂಗುವಾಗಲೇ ಅವಳಿಗೆ ಏನೋ ಮೋಸ ಮಾಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ಕಂಪನಿಯ ವರ್ಷದ ಆರೋಗ್ಯ ತಪಾಸಣೆ ಇವತ್ತು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕದ ಧೂಳು ಕೊಡವುವ ಹುಡುಗರ ಹಾಗೆ ಅವನು ತಪಾಸಣೆಗೆ ಮುಂಚೆ ಒಂದೆರಡು ವಾರ ಶ್ರದ್ಧೆಯಿಂದ ನುಂಗುತ್ತಾನೆ. ರಕ್ತದೊತ್ತಡ ಸಾಧುವಿನ ಹಾಗೆ ಕೆಳಗಿಳಿದು ಕೂರುತ್ತದೆ. ಡಾಕ್ಟರು ಸಹಿ ಹಾಕುತ್ತಾರೆ. ಮರುದಿನದಿಂದ ಮತ್ತೆ ಬಚ್ಚಲು. ಹೋದ ವರ್ಷವೂ ಹೀಗೆಯೇ ಪಾಸಾಗಿದ್ದ.

“ಇವತ್ತಾದ್ರೂ ಡಾಕ್ಟ್ರ ಹತ್ರ ಬಾಯಿಬಿಟ್ಟು ಹೇಳಿ. ಗುಮ್ಮನ ಹಾಗೆ ಕೂತು ಎದ್ದು ಬರ್ಬೇಡಿ” ಎಂದಳು ಹೆಂಡತಿ.

“ಹೇಳೋಕೆ ಏನಿದೆ?”

“ಏನಿದೆಯಾ? ರಾತ್ರಿಯೆಲ್ಲಾ ಬಚ್ಚಲಿಗೂ ಮಂಚಕ್ಕೂ ಗಸ್ತು ತಿರುಗ್ತೀರಲ್ಲ, ಅದನ್ನ ಹೇಳಿ. ಹೋದ್ರೆ ಹೋದ ಕಡೆನೇ ಇರ್ತೀರಿ. ನಲ್ಲಿ ರಿಪೇರಿಯವನನ್ನ ಕರೆಸ್ಬೇಕೇನೋ ಅನ್ಸುತ್ತೆ ನಂಗೆ.”

ಅವಳು ತಮಾಷೆಗೇ ಅಂದದ್ದು. ಅವನೂ ನಕ್ಕ. ಬೂಟಿನ ದಾರ ಕಟ್ಟಲು ಬಗ್ಗಿದಾಗ ಮಾತ್ರ ಆ ನಗು ಮುಖದ ಮೇಲೆ ಒಣಗಿಕೊಂಡು ಹಾಗೇ ಉಳಿದಿತ್ತು. ಇವಳಿಗೆ ಏನು ಗೊತ್ತು. ರಕ್ತದೊತ್ತಡದ ಮಾತ್ರೆ ಎರಡು. ಒಂದು ನೀರಿನ ಮಾತ್ರೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ಮೈಯೊಳಗಿನ ನೀರನ್ನೆಲ್ಲ ಬಸಿದು ಹೊರಗೆ ಕಳಿಸುವುದೇ ಅದರ ಕಸುಬು. ನೆಲದ ಮೇಲೆ ಕೆಲಸ ಮಾಡುವವರಿಗೆ ಅದೇನೂ ದೊಡ್ಡ ಮಾತಲ್ಲ. ಅವನು ಕೂರುವುದು ಟವರ್ ಕ್ರೇನಿನ ನೆತ್ತಿಯ ಗಾಜಿನ ಗೂಡಿನಲ್ಲಿ. ಕಬ್ಬಿಣದ ಏಣಿ ಹತ್ತಿ ಒಮ್ಮೆ ಒಳಗೆ ಕೂತರೆ ಊಟದ ಹೊತ್ತಿನವರೆಗೆ ಇಳಿಯುವ ಹಾಗಿಲ್ಲ. ಕೆಳಗಿನವರು ಅವನನ್ನು ಗೂಡಪ್ಪ ಎಂದು ಕರೆಯುವುದು ಅದಕ್ಕೇ. ಮೊದಲೇ ಐವತ್ತು ದಾಟಿದ ಮೇಲೆ ಒಳಗಿನ ಯಾವುದೋ ಗ್ರಂಥಿ ಊದಿಕೊಂಡು, ಮೂತ್ರ ಬಂತು ಅನ್ನಿಸಿದರೆ ತಡೆಯಲಾಗದು, ಹೋಗಿ ನಿಂತರೆ ಬಾರದು. ಅದರ ಮೇಲೆ ಈ ನೀರಿನ ಮಾತ್ರೆ ಬೇರೆ. ಸೀಟಿನ ಹಿಂದೆ ಅಗಲ ಬಾಯಿಯ ಒಂದು ಬಾಟಲಿ ಇಟ್ಟುಕೊಂಡಿದ್ದ. ಸುತ್ತಲೂ ಗಾಜು, ಕಾಲ ಕೆಳಗೂ ಗಾಜು. ಯಾರಿಗೂ ಕಾಣದಷ್ಟು ಎತ್ತರ ಎಂದು ಗೊತ್ತಿದ್ದರೂ, ಇಡೀ ಊರಿಗೆ ಮುಖ ಮಾಡಿ ನಿಂತು ಹನಿಗಾಗಿ ಕಾಯುವಾಗ ಅವನಿಗೆ ಅಳು ಬಂದಂತಾಗುತ್ತಿತ್ತು.

ಆದರೆ ನೀರಿನ ಮಾತ್ರೆಯೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಇನ್ನೊಂದು ಮಾತ್ರೆಯದು ಬೇರೆ ಕತೆ. ಅದನ್ನು ಶುರುಮಾಡಿದ ಕೆಲವು ತಿಂಗಳಲ್ಲಿ ಹಾಸಿಗೆಯಲ್ಲಿ ಅವನು ಯಾತಕ್ಕೂ ಬಾರದವನಾದ. ಮೊದಲ ಸಲ ದಣಿವು ಎಂದುಕೊಂಡ. ಆಮೇಲಾಮೇಲೆ ಹೆಂಡತಿಯ ಕಡೆ ತಿರುಗುವುದಕ್ಕೇ ಹೆದರಿದ. ಒಂದು ಸಲ ಅವಳು ಬೆನ್ನು ತಟ್ಟಿ, “ಬಿಡಿ, ಈ ವಯಸ್ಸಲ್ಲಿ ಇದೆಲ್ಲ ಯಾರಿಗೆ ಬೇಕಾಗಿದೆ?” ಎಂದಳು. ಜ್ವರ ಬಂದ ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿದಳು. ಅವಳು ಬೈದಿದ್ದರೆ, ಮುಖ ಗಂಟಿಕ್ಕಿಕೊಂಡಿದ್ದರೆ, ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆ ತಟ್ಟುವಿಕೆ ಅವನ ಬೆನ್ನಿನಿಂದ ಹೋಗಲಿಲ್ಲ. ಕ್ರೇನಿನ ಸೀಟಿಗೆ ಒರಗಿದಾಗೆಲ್ಲ ಅಲ್ಲೇ ಇರುತ್ತಿತ್ತು. ಯಾರನ್ನೂ ಕೇಳದೆ ಎರಡೂ ಮಾತ್ರೆ ಬಿಟ್ಟ. ಬಿಟ್ಟ ಮೇಲೆ ಒಂದು ರಜೆಯ ಮಧ್ಯಾಹ್ನ, ಬಾಗಿಲಿಗೆ ಚಿಲಕ ಹಾಕಿಕೊಂಡು, ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಏನ್ರೀ ಇದು, ಮದುಮಗನ ಹಾಗೆ!” ಅಂದಿದ್ದಳು. ಅವತ್ತು ಸಂಜೆ ಬೀದಿಯಲ್ಲಿ ನಡೆಯುವಾಗ ಎದುರು ಬಂದವರೆಲ್ಲ ತನಗೆ ದಾರಿ ಬಿಡುತ್ತಿದ್ದಾರೆ ಅನ್ನಿಸಿತ್ತು. ಆ ಒಂದು ಮಾತಿಗಾಗಿ ಅವನು ಎಷ್ಟು ಬೇಕಾದರೂ ಮಾತ್ರೆ ಉಗುಳಲು ತಯಾರಿದ್ದ.

ರಸ್ತೆಯ ತಿರುವಿನಲ್ಲಿ ಕ್ರೇನ್ ಕಾಣಿಸಿತು. ಅದು ಕಾಣಿಸಿದಾಗ ಮೊದಲೆಲ್ಲ ಎದೆ ಉಬ್ಬುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಶಾಲೆಯ ಗೆಳತಿಯರಿಗೆ ಬೆರಳು ಮಾಡಿ, “ಅದು ನಮ್ಮಪ್ಪಂದು” ಎನ್ನುತ್ತಿದ್ದಳಂತೆ, ಕಂಪನಿಯನ್ನೇ ಕೊಂಡುಬಿಟ್ಟವರ ಹಾಗೆ. ಈಗ ಅದನ್ನು ಕಂಡರೆ ತಲೆ ತಗ್ಗಿಸಿ ನಡೆಯುತ್ತಾನೆ. ಆ ಬಡಗಿಯ ಪಾದ ನೆನಪಾಗುತ್ತದೆ. ಮಾತ್ರೆ ಉಗುಳುತ್ತಿದ್ದ ದಿನಗಳವು. ಕಂಬಿಗಳ ಕಟ್ಟು ಇಳಿಸುತ್ತಿದ್ದ ಹೊತ್ತು, ಬೆಳಗಿನ ಬಿಸಿಲು, ಎಲ್ಲವೂ ಸರಿಯಾಗಿಯೇ ಇತ್ತು. ಇದ್ದಕ್ಕಿದ್ದಂತೆ ಬಲಗಡೆಯ ಲೋಕವನ್ನು ಯಾರೋ ಪರದೆ ಎಳೆದು ಮುಚ್ಚಿದ ಹಾಗಾಯಿತು. ಕ್ರೇನ್ ಆಡಿಸುವ ಲಿವರ್ ಹಿಡಿದಿದ್ದ ಬಲಗೈ ಇನ್ನೊಬ್ಬರ ಕೈಯ ಹಾಗೆ ಅದರ ಮೇಲೇ ಭಾರವಾಗಿ ಬಿದ್ದುಕೊಂಡಿತ್ತು. ಅದಕ್ಕೆ ನಿಲ್ಲು ಎಂದ, ಅದು ಕೇಳಲಿಲ್ಲ. ಎಷ್ಟು ಹೊತ್ತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ತಿಳಿಯಾದಾಗ ಕೆಳಗೆ ಸನ್ನೆ ಕೊಡುವ ಬಾವುಟ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಂತಿದ್ದ, ‘ನಿಲ್ಲಿಸು’ ಎಂಬ ಸನ್ನೆ. ಅವನ ಹಿಂದೆ ಬಡಗಿ ನೆಲದ ಮೇಲೆ ಕೂತು, ಕಂಬಿಗಳಡಿ ಜಜ್ಜಿದ ಪಾದ ಹಿಡಿದುಕೊಂಡು ಕೂಗುತ್ತಿದ್ದ.

ಬಾವುಟ ಎಂದರೆ ಕೆಳಗೆ ನಿಂತು ಅವನಿಗೆ ಸನ್ನೆ ಮಾಡುವವನು. ಹಿಂದೆ ಕೆಂಪು ಬಾವುಟ ಹಿಡಿದು ಮಾಡುತ್ತಿದ್ದ, ಆ ಹೆಸರೇ ನಿಂತಿತು. ವಾಕಿಟಾಕಿ ಬಂದ ಮೇಲೂ ಇವರಿಬ್ಬರಿಗೂ ಕೈಸನ್ನೆಯೇ ಬೇಕು. ಆ ಡಬ್ಬಿಯಲ್ಲಿ ಬರುವುದು ಕೆಮ್ಮು ಮಾತ್ರ ಎಂದು ಬಾವುಟ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನಾಗುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ ಸನ್ನೆಯೊಂದು ಅವರಲ್ಲಿತ್ತು. ಗೂಡಪ್ಪ ಗಾಜಿಗೆ ಟೋಪಿ ಆನಿಸಿದರೆ, ಬಾವುಟ ಕೆಳಗೆ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಕೆಲಸದವರನ್ನೆಲ್ಲ ಹಿಂದಕ್ಕೆ ಸರಿಸಿ, ಸರಪಳಿಯಲ್ಲಿ ಏನೋ ತೊಂದರೆ ಇದೆ ಎಂದು ನಾಟಕ ಆಡುತ್ತಿದ್ದ. ಮೇಲೆ ಬಾಟಲಿಯ ಕೆಲಸ ಮುಗಿಯುವವರೆಗೂ ಆಡುತ್ತಿದ್ದ. ಆಮೇಲೆ ಸಂಜೆ ಕಿವಿಯಲ್ಲಿ, “ಇವತ್ತು ಮೂರು ಸಲ ಸರಪಳಿ ಕೆಟ್ಟಿತ್ತಪ್ಪಾ” ಎಂದು ಕಿಸಕ್ಕನೆ ನಗುತ್ತಿದ್ದ. ಇಷ್ಟು ಗೊತ್ತಿದ್ದವನಿಗೆ ಮಾತ್ರೆ ಉಗುಳುವ ವಿಷಯ ಹೇಳಿರಲಿಲ್ಲ.

ಬಡಗಿಗೆ ಪೆಟ್ಟಾದ ದಿನ ಎಂಜಿನಿಯರ್ ಇಬ್ಬರನ್ನೂ ಕರೆಸಿದ್ದ. ಮೊದಲು ಕೇಳಿದ್ದು ಗೂಡಪ್ಪನನ್ನೇ. “ಅವನು ಇಳಿಸು ಅಂದ, ಇಳಿಸಿದೆ ಸಾರ್” ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟ. ಬಾವುಟ ಜಗಳಕ್ಕೆ ನಿಲ್ಲುತ್ತಾನೆ, ಆಗ ನೋಡಿಕೊಂಡರಾಯಿತು ಎಂಬ ಲೆಕ್ಕ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತೇನೋ. ಬಾವುಟ ಜಗಳಕ್ಕೆ ನಿಲ್ಲಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಇವನು ಹೇಳಿದ್ರೆ ಹಾಗೇ ಇರ್ಬೇಕು ಸಾರ್. ನಂಗೆ ನಿಲ್ಲಿಸು ಅಂದ ನೆನಪು. ಆದ್ರೆ ವಯಸ್ಸಾಯ್ತು ನೋಡಿ” ಎಂದ. ಅಷ್ಟೇ. ಅವತ್ತಿನಿಂದ ಅವನು ತನ್ನ ಕೈಯನ್ನೇ ನಂಬದವನಾದ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಎತ್ತು, ಇಳಿಸು, ನಿಲ್ಲಿಸು ಎಂದು ಅಭ್ಯಾಸ ಮಾಡುತ್ತಾನೆ ಎಂದು ಬಾವುಟನ ಹೆಂಡತಿ ಮಾರುಕಟ್ಟೆಯಲ್ಲಿ ಸಿಕ್ಕಾಗ ಹೇಳಿದಳು. “ನಿಮ್ಮ ಸ್ನೇಹಿತರಿಗೆ ಸ್ವಲ್ಪ ಬುದ್ಧಿ ಹೇಳಿ ಅಣ್ಣಾ, ನಂಗೆ ಭಯ ಆಗುತ್ತೆ.” ಅವಳ ಚೀಲದಿಂದ ಈರುಳ್ಳಿಯೊಂದು ಉರುಳಿತು. ಗೂಡಪ್ಪ ಅದನ್ನು ಎತ್ತಿಕೊಟ್ಟ, ಹೇಳ್ತೀನಮ್ಮಾ ಎಂದ.

ತಪಾಸಣೆ ನಡೆಯುವ ತಗಡಿನ ಕೋಣೆಯ ಹೊರಗೆ ಬೆಂಚಿನ ಮೇಲೆ ವಯಸ್ಸಾದವರೆಲ್ಲ ಸಾಲಾಗಿ ಕೂತಿದ್ದರು, ಎಲ್ಲರ ಕೈಯಲ್ಲೂ ಮೂತ್ರ ಹಿಡಿದುಕೊಡಲು ಮುಚ್ಚಳದ ಪುಟ್ಟ ಡಬ್ಬಿ. ಗಾರೆಯವನು ಡಬ್ಬಿಯನ್ನು ಬೆಳಕಿಗೆ ಹಿಡಿದು, “ಇಷ್ಟು ಸಾಕಾಗುತ್ತೇನ್ರೋ?” ಎಂದು ಕೇಳುತ್ತಿದ್ದ. “ಸಾಲದಿದ್ರೆ ಸಾಲ ತಗೋ” ಎಂದು ಇನ್ನೊಬ್ಬ. ಬಾವುಟ ಮೂಲೆಯಲ್ಲಿ ಕೂತಿದ್ದ. ಇವನನ್ನು ಕಂಡವನೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ತನ್ನ ಖಾಲಿ ಡಬ್ಬಿ ತೋರಿಸಿದ.

“ಗೂಡಪ್ಪಾ, ಬೆಳಿಗ್ಗೆಯಿಂದ ಕೂತಿದೀನಿ, ಒಂದು ಹನಿ ಇಲ್ಲ. ನಿಂದು ಧಾರಾಳ ಇದೆಯಲ್ಲ, ನಂಗೂ ಒಂಚೂರು ಕೊಡೋ ಮಾರಾಯಾ.”

ಬೆಂಚೆಲ್ಲ ನಕ್ಕಿತು. ನಗು ಇಳಿದ ಮೇಲೆ ಬಾವುಟ ದನಿ ತಗ್ಗಿಸಿ, “ಇವತ್ತು ಡಾಕ್ಟ್ರಮ್ಮಂಗೆ ಹೇಳಿಬಿಡ್ತೀನಿ ಕಣೋ. ನನ್ನ ತಲೆ ನೆಟ್ಟಗಿಲ್ಲ ಅಂತ. ಕೈ ಏನು ಮಾಡ್ತಿದೆ ಅಂತ ನಂಗೇ ಗೊತ್ತಾಗಲ್ಲ ಅಂತ. ಬಡಗಿದು ಪಾದ ಹೋಯ್ತು. ನಾಳೆ ಯಾರದಾದ್ರೂ ತಲೆ ಹೋದ್ರೆ?” ಎಂದ.

ಈಗ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಬೆಳಗಿನ ನೀರಿನ ಮಾತ್ರೆ ತನ್ನ ಕಸುಬು ತೋರಿಸಿತು. ಕೆಳಹೊಟ್ಟೆಯಲ್ಲಿ ಚಳುಕು ಹೊಡೆದು ಅವನು ತಟ್ಟನೆ ಎದ್ದ, “ಬಂದೆ ಇರು” ಎಂದು ಓಡಿದ. ಶೌಚಾಲಯದ ಬಾಗಿಲಿನ ಹಿಂದೆ ನಿಂತು, ಗೋಡೆಗೆ ಹಣೆ ಆನಿಸಿ, ಕಾದ. ಹೊರಗೆ ಯಾರೋ ಬಾಗಿಲು ಬಡಿದು, “ಒಳಗೆ ನಿದ್ದೆ ಹೋದ್ರಾ?” ಎಂದು ಕೂಗಿದರು. ಹನಿಗಳ ಜೊತೆಗೆ ಅವನ ಧೈರ್ಯವೂ ಅಲ್ಲಿಯೇ ಸೋರಿಹೋಯಿತು. ವಾಪಸು ಬಂದಾಗ ಅವನ ಸರದಿ ಕೂಗುತ್ತಿದ್ದರು.

ಡಾಕ್ಟರು ಅವನ ಮಗಳ ವಯಸ್ಸಿನವಳು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ಇಳಿಯುವುದನ್ನು ನೋಡಿ ಹುಬ್ಬೇರಿಸಿದಳು. “ವಾಹ್! ಹುಡುಗರ ಪ್ರೆಶರ್ ಇದ್ದ ಹಾಗಿದೆಯಲ್ಲ. ಮಾತ್ರೆ ತಪ್ಪಿಸಲ್ಲ ಅಂತಾಯ್ತು.” ಅವನು ತಲೆಯಾಡಿಸಿದ. ತಲೆ ಸುತ್ತು ಇದೆಯಾ, ಕಣ್ಣು ಕತ್ತಲೆ ಬರುತ್ತಾ, ಕೈಕಾಲು ಮರಗಟ್ಟುತ್ತಾ ಎಂದು ಒಂದೊಂದಾಗಿ ಕೇಳಿದಳು. ಇಲ್ಲ, ಇಲ್ಲ, ಇಲ್ಲ. ಮೂರನೆಯ ‘ಇಲ್ಲ’ ಹೇಳುವಾಗ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಅವಳು ಪೆನ್ನು ಕೆಳಗಿಟ್ಟು, ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಮೆಲ್ಲಗೆ, “ಇನ್ನೊಂದು ಕೇಳ್ತೀನಿ, ನಾಚ್ಕೋಬೇಡಿ. ಈ ಮಾತ್ರೆ ತಗೊಳ್ಳೋ ಕೆಲವು ಗಂಡಸರಿಗೆ ಸಂಸಾರದಲ್ಲಿ ತೊಂದರೆ ಆಗುತ್ತೆ. ಹೆಂಡತಿ ಜೊತೆ. ಹೇಳಿದ್ರೆ ಬೇರೆ ಮಾತ್ರೆ ಬರ್ಕೊಡ್ಬಹುದು. ನೀರಿನ ಮಾತ್ರೆನೂ ಬದಲಾಯಿಸ್ಬಹುದು. ಬೇಕಾದಷ್ಟಿವೆ” ಎಂದಳು.

ಅವನಿಗೆ ಕಿವಿ ಬಿಸಿಯಾಯಿತು. ಬೇರೆ ಮಾತ್ರೆ ಇದೆಯೇ? ಇಷ್ಟು ದಿನ ಬಚ್ಚಲಿಗೆ ಉಗುಳಿದ್ದೆಲ್ಲ, ಆ ಬಡಗಿಯ ಪಾದ, ಕನ್ನಡಿಯ ಮುಂದೆ ಕೈಯಾಡಿಸುವ ಬಾವುಟ, ಎಲ್ಲಕ್ಕೂ ಒಂದು ಮಾತಿನ ದೂರದಲ್ಲಿ ಪರಿಹಾರ ಇತ್ತೇ? ಹೂಂ ಅಂದರೆ ಸಾಕು. ಆದರೆ ಎದುರಿಗಿದ್ದದ್ದು ಮಗಳ ವಯಸ್ಸಿನ ಮುಖ, ಮಗಳ ಹಾಗೆಯೇ ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ಆ ಮುಖದ ಎದುರು ‘ನನ್ನಿಂದ ಆಗುತ್ತಿಲ್ಲ’ ಎಂದು ಹೇಳುವುದಕ್ಕಿಂತ ಗೂಡಿನಿಂದ ಧುಮುಕುವುದು ಸುಲಭ ಅನ್ನಿಸಿತು.

“ಛೆ ಛೆ! ಏನಮ್ಮಾ ನೀವು. ಮಗಳಿಗೇ ಮದುವೆ ಮಾಡಿ ಕಳಿಸಿದೀನಿ” ಎಂದು ದೊಡ್ಡದಾಗಿ ನಕ್ಕ.

ಅವಳೂ ನಕ್ಕು ಸಹಿ ಹಾಕಿದಳು.

ಬಾವುಟ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಹೊರಗೆ ಬೆಂಚು ಒಂದೊಂದಾಗಿ ಖಾಲಿಯಾಯಿತು; ಇವನೊಬ್ಬ ಕೂತೇ ಇದ್ದ. ತಗಡಿನ ಗೋಡೆಯ ಆಚೆ ಬಾವುಟನ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಸಲ ಕೆಮ್ಮಿದ, ಅಥವಾ ಅತ್ತ. ಹೊರಗೆ ಬಂದಾಗ ಅವನ ಮುಖ ಹಗುರವಾಗಿತ್ತು. ನೋಡಿದರೆ ಯಾರಾದರೂ ಒಳ್ಳೆಯ ಸುದ್ದಿ ಕೇಳಿ ಬಂದಿದ್ದಾನೆ ಎನ್ನಬೇಕು.

“ಆಯ್ತಪ್ಪ. ಸನ್ನೆ ಕೆಲಸಕ್ಕೆ ಆಗಲ್ಲ ಅಂತ ಬರೆದ್ರು. ಸರಕು ಕಟ್ಟೋ ಕಡೆ ಹಾಕ್ತಾರಂತೆ. ಮೇಸ್ತ್ರಿ ಇವತ್ತೇ ಬಾ ಅಂದಿದಾನೆ. ಬದುಕಿದೆ ಕಣೋ. ಇನ್ನು ಯಾರ ಜೀವವೂ ನನ್ನ ಕೈಯಲ್ಲಿಲ್ಲ.”

ಸರಕು ಕಟ್ಟುವವನು ಕೊಕ್ಕೆಯ ಕೆಳಗೇ ನಿಲ್ಲುವವನು. ಅದು ಹೊಳೆದ ತಕ್ಷಣ ಇವನ ಬಾಯಿ ತಾನಾಗಿಯೇ ತೆರೆದುಕೊಂಡಿತು. “ಬಾವುಟಾ, ಅದು ನಿನ್ನ ಕೈ ಅಲ್ಲ. ನನ್ನ ಕಣ್ಣು. ನಂಗೆ ಕತ್ತಲೆ ಬಂತು ಅವತ್ತು. ಕೈ ಆಡ್ಲಿಲ್ಲ. ನೀನು ನಿಲ್ಲಿಸು ಅಂತಾನೇ ಹಿಡಿದಿದ್ದೆ, ಸರಿಯಾಗೇ ಹಿಡಿದಿದ್ದೆ. ಸುಳ್ಳು ಹೇಳಿದ್ದು ನಾನು.” ಇಷ್ಟು ದಿನ ಎದೆಯ ಮೇಲೆ ಕೂತದ್ದು ಎದ್ದು ಹೋಗುತ್ತಿದೆ, ಇನ್ನು ಏನಾದರಾಗಲಿ, ಬೈಯಲಿ, ಹೊಡೆಯಲಿ ಎಂದುಕೊಂಡ.

ಬಾವುಟ ಅವನನ್ನೇ ನೋಡಿದ. ನೋಡನೋಡುತ್ತ ಕಣ್ಣಲ್ಲಿ ನೀರು ತುಂಬಿತು. ಕೈ ಎತ್ತಿ ಇವನ ಬೆನ್ನು ತಟ್ಟಿದ.

“ಸುಮ್ನಿರೋ. ನನ್ನ ಸಮಾಧಾನಕ್ಕೆ ನೀನು ಯಾಕೆ ಮೈಮೇಲೆ ಎಳ್ಕೋತೀಯಾ?”

“ಅಲ್ಲ, ಕೇಳಿಲ್ಲಿ—”

“ನಂಗೊತ್ತಿಲ್ವಾ ನೀನು? ಡಾಕ್ಟ್ರಮ್ಮ ಹೇಳಿದ್ರು, ಗೂಡಪ್ಪಂದು ಹುಡುಗರ ಪ್ರೆಶರ್ ಅಂತೆ. ನಿಂಗೆ ಎಲ್ಲಿಂದ ಬರುತ್ತೋ ಕತ್ತಲೆ? ಕಟ್ಟು ಬಿದ್ದ ಮೇಲೆ ಕೈ ಅಡ್ಡ ಹಿಡಿದಿರ್ತೀನಿ, ನೀನು ಅದನ್ನ ನೋಡಿರ್ತೀಯಾ.”

“ಅದು ಈಗ ಎರಡು ವಾರ ಮಾತ್ರೆ ನುಂಗಿದ್ದಕ್ಕೆ—” ಎಂದು ಶುರುಮಾಡಿದ. ಅಲ್ಲಿಗೆ ನಿಂತ. ನುಂಗಿದ್ದಕ್ಕೆ ಎಂದರೆ, ಅದಕ್ಕೆ ಮೊದಲು ನುಂಗದೇ ಇದ್ದದ್ದು ಯಾಕೆ ಎಂದು ಕೇಳುತ್ತಾನೆ. ಬಾಟಲಿಯ ವಿಷಯ ಅವನಿಗೆ ಗೊತ್ತೇ ಇದೆ, ಅದಕ್ಕೆ ಸರಪಳಿ ನಾಟಕವೂ ಇದೆ. ಅಷ್ಟಕ್ಕೇ ಬಿಟ್ಟೆಯಾ ಎಂದು ಕೇಳುತ್ತಾನೆ. ಆಮೇಲೆ ಉಳಿದದ್ದನ್ನೂ ಹೇಳಬೇಕು. ಹಾಸಿಗೆಯದು. ನಾಳೆ ಬೆಂಚಿನಲ್ಲಿ ಅದೊಂದು ಮಾತಾಗುತ್ತದೆ, ಡಬ್ಬಿ ಹಿಡಿದು ನಗುತ್ತಾರೆ. ಒಬ್ಬನ ಪಾದ ಮುರಿದದ್ದನ್ನು, ಸ್ನೇಹಿತನ ಅನ್ನಕ್ಕೆ ಕಲ್ಲು ಹಾಕಿದ್ದನ್ನು ಒಪ್ಪಿಕೊಳ್ಳಲು ಬಂದ ನಾಲಿಗೆ ಈ ಒಂದು ಚಿಕ್ಕ ಜಾಗದಲ್ಲಿ ಕಚ್ಚಿಕೊಂಡಿತು. ತನ್ನ ಮೇಲೆ ಅವನಿಗೆ ಅಸಹ್ಯವಾಯಿತು. ಆದರೂ ನಾಲಿಗೆ ಹೊರಳಲಿಲ್ಲ.

“ನುಂಗ್ತಾ ಇರು, ಬಿಡಬೇಡ” ಎಂದ ಬಾವುಟ. ಅಲ್ಲಿಂದ ಹೋಗುತ್ತಿದ್ದ ಗಾರೆಯವನನ್ನು ಕರೆದು, “ಕೇಳಿದ್ಯಾ? ತಪ್ಪು ತನ್ನದೇ ಅಂತಾನೆ. ಇಂಥವರು ಎಷ್ಟು ಜನ ಸಿಗ್ತಾರೆ ಹೇಳು” ಎಂದ. ಗಾರೆಯವನು ಗೂಡಪ್ಪನನ್ನು ಗೌರವದಿಂದ ನೋಡಿದ. ಎಲ್ಲಕ್ಕಿಂತ ಕೆಟ್ಟದ್ದು ಎಂದರೆ, ಆ ಹೊತ್ತಿನಲ್ಲಿ ಅವನಿಗೆ ನೆಮ್ಮದಿಯಾಯಿತು. ಹೇಳಿದ್ದಾಯಿತು, ನಂಬದಿದ್ದರೆ ಅದು ನನ್ನ ತಪ್ಪೇನು ಎಂದು ಮನಸ್ಸು ಆಗಲೇ ವಕೀಲಿಕೆ ಶುರುಮಾಡಿತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಡಾಕ್ಟರು ಪಟ್ಟಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವನು ಬಾಗಿಲವರೆಗೂ ಹೋದ. ಅವಳು ತಲೆಯೆತ್ತಿ, “ಏನಾದ್ರೂ ಮರೆತ್ರಾ?” ಎಂದು ಕೇಳಿದಳು.

“ಇಲ್ಲ... ಫ್ಯಾನು. ಆರಿಸ್ಲಾ ಅಂತ” ಎಂದ.

“ನಾನು ಆರಿಸ್ತೀನಿ, ಹೋಗಿ.”

ಊಟ ಸೇರಲಿಲ್ಲ. ಮಧ್ಯಾಹ್ನ ಏಣಿ ಹತ್ತುವಾಗ ಮಂಡಿಗಳು ಒಂದೊಂದು ಮೆಟ್ಟಿಲಿಗೂ ದೂರು ಹೇಳಿದವು. ನಡುವಿನ ಅಟ್ಟದಲ್ಲಿ ನಿಂತು ಉಸಿರು ಎಳೆದುಕೊಂಡ. ಕೆಳಗೆ ಎಲ್ಲರೂ ಹಳದಿ ಟೋಪಿಗಳಷ್ಟೇ ಆಗಿದ್ದರು. ಯಾವುದು ಬಾವುಟನದು ಎಂದು ಹುಡುಕಬೇಕಾಗಲಿಲ್ಲ. ಕತ್ತನ್ನು ಎಡಕ್ಕೆ ಓರೆ ಮಾಡಿ ನಿಲ್ಲುವವನು ಅಲ್ಲಿ ಅವನೊಬ್ಬನೇ. ಸನ್ನೆಯ ಜಾಗದಲ್ಲಿ ಹೊಸಬ ನಿಂತಿದ್ದ, ಏಣಿಯ ಬುಡದಲ್ಲಿ ನೋಡಿದಾಗ ಮೀಸೆಯ ಮೇಲೆ ಭಯವನ್ನೂ ಉತ್ಸಾಹವನ್ನೂ ಒಟ್ಟಿಗೇ ಹೊತ್ತಿದ್ದವನು. ಅವನಿಗೆ ಕೈಸನ್ನೆ ಬೇಡ, ವಾಕಿಟಾಕಿಯೇ ಪ್ರೀತಿ. “ಸಾರ್, ಕೇಳಿಸ್ತಿದೆಯಾ ಸಾರ್?” ಎಂದು ಮೂರು ಸಲ ಕೇಳಿದ. ಕೇಳಿಸುತ್ತಿದೆ ಎಂದ ಇವನು. ಸೀಟಿನಲ್ಲಿ ಕೂತು ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚಿದ. ಹೇಳಿದ ಹಾಗೆ ಕೇಳಿದವು. ಇವತ್ತು ಕೇಳುತ್ತವೆ, ಇವತ್ತು ಮಾತ್ರೆ ಒಳಗಿದೆ. ನಾಳೆ ಬೆಳಿಗ್ಗೆ ಹೆಂಡತಿ ಲೋಟ ಹಿಡಿದು ನಿಂತಾಗ ನುಂಗಿಬಿಡಬೇಕು ಎಂದುಕೊಂಡ. ಅಂದುಕೊಳ್ಳುವಾಗಲೇ ಬೆನ್ನು ತಟ್ಟಿದ ಎರಡು ಕೈಗಳು ನೆನಪಾದವು, ಹೆಂಡತಿಯದು, ಬಾವುಟನದು, ಎರಡೂ ಒಂದೇ ತೂಕ. ನುಂಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ ಮಾತನ್ನು ಅವನಿಗೇ ನಂಬಲಾಗಲಿಲ್ಲ.

ಕೊಕ್ಕೆ ಇಳಿಯಿತು. ಬಾವುಟ ಕಬ್ಬಿಣದ ಹಲಗೆಗಳ ಕಟ್ಟಿಗೆ ಸರಪಳಿ ಸುತ್ತಿ, ಎಳೆದು ನೋಡಿ, ಕೊಕ್ಕೆಗೆ ಸಿಕ್ಕಿಸಿದ. ನೀಟಾಗಿ ಕಟ್ಟಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಿದವನು ದೂರ ಸರಿಯಲಿಲ್ಲ. ಎರಡು ಹೆಜ್ಜೆ ಆಚೆ ನಿಂತು, ಸರಕಿಗೆ ಬೆನ್ನು ಮಾಡಿ, ಗಾರೆಯವನೊಂದಿಗೆ ಮಾತು ಶುರುಮಾಡಿದ. ಇಷ್ಟು ವರ್ಷ ಎಲ್ಲರನ್ನೂ ಹಿಂದೆ ಹೋಗ್ರೋ ಎಂದು ಅಟ್ಟುತ್ತಿದ್ದವನೇ ಅವನು. ಭಯವೆಲ್ಲ ಅವನಿಗೆ ತನ್ನ ಕೈಯ ಮೇಲಿತ್ತು. ಆ ಕೈಯನ್ನು ಕಿತ್ತುಕೊಂಡ ಮೇಲೆ ಇನ್ನು ಯಾತಕ್ಕೆ ಹೆದರಬೇಕು, ಮೇಲಿರುವವನು ಗೂಡಪ್ಪ.

“ಎತ್ತಿ ಸಾರ್” ಎಂದಿತು ವಾಕಿಟಾಕಿ.

ಅವನು ಎತ್ತಲಿಲ್ಲ. ಹಾರ್ನ್ ಒತ್ತಿದ. ಆಚೆ ಸರಿ, ದೂರ ಸರಿ, ನಾನು ಯಾರೆಂದು ನಿನಗೆ ಗೊತ್ತಿಲ್ಲ ಎಂದು ಮತ್ತೊಮ್ಮೆ ಉದ್ದಕ್ಕೆ ಒತ್ತಿದ. ಬಾವುಟ ತಲೆಯೆತ್ತಿ ನೋಡಿದ. ಮುಖವೆಲ್ಲ ನಗುವಾಗಿ, ಟೋಪಿ ತೆಗೆದು ಬೀಸಿದ. ಪಕ್ಕದವನ ಭುಜ ಹಿಡಿದು ಮೇಲಕ್ಕೆ ಬೆರಳು ಮಾಡಿ ಏನೋ ಹೇಳಿದ. ಇಂಥವರು ಎಷ್ಟು ಜನ ಸಿಗ್ತಾರೆ ಎಂಬ ಬೆಳಗಿನ ಮಾತೇ ಅದು ಎಂದು ಇಷ್ಟು ಎತ್ತರದಿಂದಲೂ ಇವನಿಗೆ ಕೇಳಿಸಿತು.

“ಸಾರ್, ಎತ್ತಿ ಸಾರ್. ಏನಾದ್ರೂ ತೊಂದರೆನಾ?”

“ಏನಿಲ್ಲ” ಎಂದು ಲಿವರ್ ಎಳೆದ. ಸರಕು ನೆಲ ಬಿಟ್ಟಿತು, ಬಾವುಟನ ಬರಿ ತಲೆಯ ಮೇಲೆ ಹಾದು, ಕಟ್ಟಡದ ಅಂಚಿಗೆ ಹೋಗಿ, ಇಟ್ಟ ಹಾಗೆ ಕೂತಿತು. ಏನೂ ಆಗಲಿಲ್ಲ. ಹೊಸಬ ಸೂಪರ್ ಸಾರ್ ಎಂದ. ಖಾಲಿ ಕೊಕ್ಕೆ ತೂಗುತ್ತ ಹಿಂದಿರುಗಿತು, ಬಾವುಟ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಮುಂದಿನ ಸರಕಿಗೆ ಸರಪಳಿ ಸುತ್ತತೊಡಗಿದ.